ಚಳಿಗಾಲಕ್ಕೆ ಯಾವ ಸೈಕಲ್ ಟ್ರೈನರ್? ನೆಲ, ಆಕ್ಸಲ್, ಜೇಬು ನೋಡಿ ಆರಿಸಿಕೊಳ್ಳಿ

ಟೊರಾಂಟೊದಲ್ಲಿ ಡಿಸೆಂಬರ್ ಮಧ್ಯದ ಹೊತ್ತಿಗೆ ಸಂಜೆ 4:40ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಷಿಕಾಗೊ, ಮಿನಿಯಾಪೊಲಿಸ್ ಕಡೆಯೂ ಹೆಚ್ಚುಕಡಿಮೆ ಇದೇ ಪಾಡು. ಆಫೀಸು ಮುಗಿಸಿ ಹೊರಗೆ ಕಾಲಿಟ್ಟರೆ ಕತ್ತಲು, ರಸ್ತೆಯಂಚಿನಲ್ಲಿ ಕಲ್ಲಾಗಿ ಕೂತ ಹಿಮ, ಅದು ಕರಗಲೆಂದು ಸುರಿದ ಉಪ್ಪು. ಆ ಉಪ್ಪುನೀರು ಹಾರಿದ ಚೈನನ್ನು ಒರೆಸದೆ ಬಿಟ್ಟರೆ ಮಾರನೆಯ ದಿನವೇ ಕೆಂಪು ತುಕ್ಕು ಕಾಣಿಸುತ್ತದೆ. ಹಾಗೆಂದು ನವೆಂಬರಿನಲ್ಲಿ ಗೋಡೆಗೆ ನೇತುಹಾಕಿದ ಸೈಕಲ್ಲನ್ನು ಏಪ್ರಿಲಿನಲ್ಲಿ ಇಳಿಸಿದರೆ, ಹೋದ ವರ್ಷ ಮಾತಾಡುತ್ತಾ ಹತ್ತಿದ ದಿಣ್ಣೆಯಲ್ಲಿ ಏದುಸಿರು ಬರುತ್ತದೆ.

ಟ್ರೈನರ್ ಎಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಡುವ ಯಂತ್ರ. ಮನೆಯೊಳಗೆ ಅದರ ಮೇಲೆ ತುಳಿಯುವುದು ಕಾಟಾಚಾರದ ಕಸರತ್ತಲ್ಲ. ಆಸ್ಟ್ರೇಲಿಯಾದ ವೃತ್ತಿಪರ ಸೈಕಲ್ ಸವಾರ ಮ್ಯಾಥ್ಯೂ ಹೇಮನ್ 2016ರ ಫೆಬ್ರವರಿ ಕೊನೆಯಲ್ಲಿ ರೇಸೊಂದರಲ್ಲಿ ಬಿದ್ದು ಕೈ ಮುರಿದುಕೊಂಡರು. ಗ್ಯಾರೇಜಿನಲ್ಲಿ ಟ್ರೈನರ್ ತುಳಿಯುತ್ತಲೇ ಸಿದ್ಧರಾಗಿ ಏಪ್ರಿಲ್ 10ರಂದು ಪ್ಯಾರಿಸ್–ರೂಬೇ ಎಂಬ ಹೆಸರಾಂತ ರೇಸನ್ನೇ ಗೆದ್ದರು. ನಮಗೆ ನಿಮಗೆ ಅಷ್ಟು ಬೇಡ. ವಾರಕ್ಕೆ ಮೂರು ಸಲ, ಸಲಕ್ಕೆ ಒಂದು ಗಂಟೆ ತುಳಿದರೂ ವಸಂತಕ್ಕೆ ಕಾಲು ಕಾಲಾಗಿಯೇ ಉಳಿದಿರುತ್ತದೆ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ‘2200 ವ್ಯಾಟ್’, ‘ಶೇ. 20 ಏರು’ ನೋಡಿ ಟ್ರೈನರ್ ಕೊಳ್ಳಬೇಡಿ. ಹವ್ಯಾಸಕ್ಕೆ ತುಳಿಯುವವರಲ್ಲಿ ಹೆಚ್ಚಿನವರು ಒಂದು ಗಂಟೆ ಉಳಿಸಿಕೊಳ್ಳಬಲ್ಲದ್ದು 150ರಿಂದ 250 ವ್ಯಾಟ್. ಆ ದೊಡ್ಡ ಅಂಕಿಗಳು ಸ್ಪ್ರಿಂಟರುಗಳಿಗೆ. ನೀವು ನೋಡಬೇಕಾದ್ದು ಮೂರು: ನಿಮ್ಮ ನೆಲದ ಕೆಳಗೆ ಯಾರು ವಾಸವಾಗಿದ್ದಾರೆ, ಸೈಕಲ್ಲಿನ ಹಿಂದಿನ ಆಕ್ಸಲ್ (ಗಾಲಿಯ ನಡುವಿನ ಅಚ್ಚು) ಯಾವ ಬಗೆಯದು, ವಾರಕ್ಕೆ ನಿಜವಾಗಿ ಎಷ್ಟು ದಿನ ಹತ್ತುತ್ತೀರಿ.

ರೋಲರ್

ಮೂರು ಉರುಳೆಗಳು: ಹಿಂದೆ ಎರಡು, ಮುಂದೆ ಒಂದು. ಮಧ್ಯದ ಉರುಳೆಯಿಂದ ಮುಂದಿನದಕ್ಕೆ ಒಂದು ಬೆಲ್ಟು. ಸೈಕಲ್ಲನ್ನು ಯಾವುದೂ ಹಿಡಿದಿರುವುದಿಲ್ಲ, ಸಮತೋಲ ನಿಮ್ಮದೇ. ಬೆಲೆ ಸುಮಾರು 150ರಿಂದ 400 ಅಮೆರಿಕನ್ ಡಾಲರ್. ಕರೆಂಟು ಬೇಡ, ಬಿಚ್ಚಿ ಜೋಡಿಸುವ ಗೋಜಿಲ್ಲ, ಎರಡೂ ಗಾಲಿ ಇದ್ದ ಹಾಗೇ ಇರುತ್ತವೆ.

ತುಳಿತ ನಯವಾಗಬೇಕೆಂದರೆ ರೋಲರಿಗಿಂತ ಕಟ್ಟುನಿಟ್ಟಾದ ಮೇಷ್ಟ್ರಿಲ್ಲ. ಪೆಡಲನ್ನು ದಬದಬ ಒತ್ತಿದರೆ ಸೈಕಲ್ಲು ತಕ್ಷಣ ಓಲಾಡುತ್ತದೆ. ಆದರೆ ಭಾರ (ತುಳಿತಕ್ಕೆ ಎದುರಾಗುವ ತಡೆ) ಕಡಿಮೆ ಸಿಗುತ್ತದೆ, ಪೂರ್ತಿ ಬಲ ಹಾಕಿ ಸ್ಪ್ರಿಂಟ್ ಮಾಡುವುದು ಕಷ್ಟ. ಉರುಳೆಯ ವ್ಯಾಸ ಸಣ್ಣದಾದಷ್ಟೂ ಭಾರ ಜಾಸ್ತಿ. ಕ್ರೈಟ್ಲರ್ ಎಂಬ ರೋಲರ್ ತಯಾರಕರು 4.5, 3 ಮತ್ತು 2.25 ಇಂಚಿನ ಉರುಳೆ ಮಾಡಿದ್ದು ಇದಕ್ಕೇ.

ಹೊಸಬರು ಬಾಗಿಲ ಚೌಕಟ್ಟಿನ ನಡುವೆ ಇಟ್ಟುಕೊಂಡು ಕಲಿಯಬೇಕು, ಓಲಾಡಿದಾಗ ಮೊಣಕೈ ಚೌಕಟ್ಟಿಗೆ ಆನಿಕೊಳ್ಳುತ್ತದೆ. ಮುಂದಿನ ಗಾಲಿಯ ಆಕ್ಸಲ್ ಮುಂದಿನ ಉರುಳೆಯ ನಡುವಿಗೆ ನೇರವಾಗಿ ಮೇಲೆ, ಅಥವಾ ಒಂದಿಂಚಿನಷ್ಟು ಹಿಂದೆ ಬರುವಂತೆ ಉದ್ದ ಹೊಂದಿಸಿ. ಆಕ್ಸಲ್ ಉರುಳೆಗಿಂತ ಮುಂದೆ ಹೋದರೆ ಗಾಲಿ ಉರುಳೆ ದಾಟಿ ನೆಲಕ್ಕಿಳಿಯುವ ಅಪಾಯವಿದೆ. ನೋಟ ಒಂದೆರಡು ಮೀಟರ್ ಮುಂದಿರಲಿ. ಗಾಲಿಯನ್ನೇ ದಿಟ್ಟಿಸಿದವರು ಬೀಳುತ್ತಾರೆ. ಟಿವಿ ನೋಡುತ್ತಾ ತುಳಿಯುವ ಆಸೆಯಿದ್ದರೆ ರೋಲರ್ ನಿಮಗಲ್ಲ.

ವೀಲ್-ಆನ್: ಮ್ಯಾಗ್ನೆಟಿಕ್ ಮತ್ತು ಫ್ಲೂಯಿಡ್

ಹಿಂದಿನ ಗಾಲಿಯನ್ನು ಬಿಚ್ಚದೆ ಕಬ್ಬಿಣದ ಸ್ಟ್ಯಾಂಡಿಗೆ ಕಚ್ಚಿಸಿ, ಟೈರಿಗೆ ಒಂದು ಸಣ್ಣ ಉರುಳೆ ಒತ್ತುವಂತೆ ಮಾಡುವ ಟ್ರೈನರ್ ಇದು. ಮ್ಯಾಗ್ನೆಟಿಕ್ ಆದರೆ 100–200 ಡಾಲರ್, ಹ್ಯಾಂಡಲ್ಲಿಗೆ ಕಟ್ಟಿದ ಲಿವರಿನಿಂದ ಭಾರ ಬದಲಿಸಬಹುದು. ಫ್ಲೂಯಿಡ್ ಆದರೆ 250–400 ಡಾಲರ್. ಒಳಗೆ ಸಿಲಿಕೋನ್ ದ್ರವವಿದ್ದು, ವೇಗ ಹೆಚ್ಚಿದಂತೆಲ್ಲ ಭಾರ ತಾನಾಗಿ ಏರುತ್ತದೆ. ರಸ್ತೆಯಲ್ಲಿ ಗಾಳಿ ತಡೆಯುವ ಹಾಗೆಯೇ. ಈ ಎರಡರಲ್ಲಿ ಫ್ಲೂಯಿಡ್ ಕಣ್ಣುಮುಚ್ಚಿ ಆರಿಸಬಹುದು.

ಫ್ಲೂಯಿಡ್ ಟ್ರೈನರಿನ ಇನ್ನೊಂದು ಅನುಕೂಲ: ಇಷ್ಟು ವೇಗಕ್ಕೆ ಇಷ್ಟು ವ್ಯಾಟ್ ಎಂಬ ಲೆಕ್ಕ ಹೆಚ್ಚುಕಡಿಮೆ ಸ್ಥಿರ. ಕೈನೆಟಿಕ್ ರೋಡ್ ಮಷೀನ್ ಎಂಬ ಮಾದರಿಯಲ್ಲಿ ಗಂಟೆಗೆ 24 ಕಿ.ಮೀ. ವೇಗಕ್ಕೆ ಸುಮಾರು 145 ವ್ಯಾಟ್, 32 ಕಿ.ಮೀ.ಗೆ ಸುಮಾರು 260. ಹಿಂದಿನ ಗಾಲಿಗೆ ಒಂದು ಸ್ಪೀಡ್ ಸೆನ್ಸರ್ ಕಟ್ಟಿದರೆ ಆ್ಯಪ್ ಈ ಲೆಕ್ಕದಿಂದಲೇ ವ್ಯಾಟ್ ತೋರಿಸುತ್ತದೆ. ಅಂಕಿ ಪಕ್ಕಾ ಅಲ್ಲ, ಆದರೆ ಕಳೆದ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡಲು ಸಾಕು. ಷರತ್ತು ಒಂದೇ. ಟೈರಿನ ಗಾಳಿ ಮತ್ತು ಉರುಳೆಯ ಒತ್ತಡ ಪ್ರತಿಸಲವೂ ಒಂದೇ ಇರಬೇಕು.

ಹೆಚ್ಚಿನವರು ಎಡವುವುದು ಅಲ್ಲೇ. 25 ಮಿ.ಮೀ. ರೋಡ್ ಟೈರಾದರೆ, ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮೀರದಂತೆ, 100 ಪಿಎಸ್‌ಐ ಗಾಳಿ ಹೊಡೆಯಿರಿ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಟೈರನ್ನೂ ಉರುಳೆಯನ್ನೂ ಒರೆಸಿ. ಉರುಳೆ ಟೈರಿಗೆ ತಾಗಿದ ಮೇಲೆ ತಿರುಪನ್ನು ಎರಡರಿಂದ ಎರಡೂವರೆ ಸುತ್ತು ಬಿಗಿ ಮಾಡಿ. ಆಮೇಲೆ ಫ್ಲೈವೀಲನ್ನು (ಟ್ರೈನರಿನ ತೂಕದ ಚಕ್ರ) ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಗಾಲಿಯನ್ನು ಎಳೆಯಿರಿ. ಟೈರು ಜಾರಿದರೆ ಇನ್ನು ಕಾಲು ಸುತ್ತು. ಸಡಿಲ ಬಿಟ್ಟರೆ ಎದ್ದು ನಿಂತು ತುಳಿಯುವಾಗ ಟೈರು ಕಿರ್ರೆಂದು ಜಾರಿ ಕಪ್ಪು ಪುಡಿ ಉದುರುತ್ತದೆ. ಅತಿಯಾಗಿ ಬಿಗಿದರೆ ಟೈರು ಬಿಸಿಯೇರಿ ನಡುವೆ ಚಪ್ಪಟೆಯಾಗಿ ಸವೆಯುತ್ತದೆ. ಕ್ವಿಕ್ ರಿಲೀಸ್ (ಲಿವರ್ ತಿರುವಿ ಗಾಲಿ ಬಿಚ್ಚುವ ಬಗೆ) ಇದ್ದರೆ ಟ್ರೈನರ್ ಜೊತೆ ಬಂದ ಉಕ್ಕಿನ ಸ್ಕ್ಯೂವರನ್ನೇ (ಗಾಲಿಯ ನಡುವೆ ತೂರಿಸುವ ಸರಳು) ಹಾಕಿ. ಸೈಕಲ್ಲಿನ ಹಗುರ ಸ್ಕ್ಯೂವರ್ ಆ ಹಿಡಿತಕ್ಕೆ ಬಾಗಬಹುದು. ಥ್ರೂ ಆಕ್ಸಲ್ (ಫ್ರೇಮಿಗೇ ತಿರುಪಿ ಕೂರಿಸುವ ದಪ್ಪ ಅಚ್ಚು) ಇದ್ದರೆ ಅದಕ್ಕೆಂದೇ ಬೇರೆ ಆಕ್ಸಲ್ ಕೊಳ್ಳಬೇಕು.

ಗುಬ್ಬಟೆ ಗುಬ್ಬಟೆಯ ಎಂಟಿಬಿ (ಮೌಂಟನ್ ಬೈಕ್) ಟೈರು ಹಾಕಿ ತುಳಿದರೆ ಮನೆಯಲ್ಲಿ ರಾಗಿ ಮಿಲ್ ಇಟ್ಟ ಹಾಗೆ. ನಯವಾದ ಹಳೆಯ ಟೈರು ಹಾಕಿ, ಇಲ್ಲವೇ ಟ್ರೈನರ್ ಟೈರು ಕೊಳ್ಳಿ. ಟ್ರೈನರ್ ಟೈರು ರಸ್ತೆಗಲ್ಲ. ಅದರ ರಬ್ಬರ್ ಗಟ್ಟಿ, ಒದ್ದೆ ಡಾಂಬರಿನ ಮೇಲೆ ಹಿಡಿತ ಕೊಡುವುದಿಲ್ಲ. ಏಪ್ರಿಲಿನಲ್ಲಿ ಹೊರಗೆ ಹೊರಡುವ ಮುನ್ನ ಬದಲಿಸಲು ಮರೆಯಬೇಡಿ.

‘ಸ್ಮಾರ್ಟ್ ವೀಲ್-ಆನ್’ ಎಂಬ ನಡುವಿನ ಜಾತಿಯೂ ಒಂದಿದೆ. ಟೈರಿಗೇ ಒತ್ತುತ್ತದೆ, ಭಾರವನ್ನು ಆ್ಯಪ್ ನಿಯಂತ್ರಿಸುತ್ತದೆ. ಡೈರೆಕ್ಟ್ ಡ್ರೈವ್ 1000 ಡಾಲರ್ ಇದ್ದ ಕಾಲಕ್ಕೆ ಅದು ಸರಿಯಿತ್ತು. ಈಗ ಹೊಸದಾಗಿ ಅದಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ. ವೀಲ್-ಆನಿನ ಜಾರುವ ಟೈರು, ಡೈರೆಕ್ಟ್ ಡ್ರೈವಿನ ಹತ್ತಿರದ ಬೆಲೆ, ಎರಡೂ ಗಂಟು ಬೀಳುತ್ತವೆ.

ಡೈರೆಕ್ಟ್ ಡ್ರೈವ್

ಹಿಂದಿನ ಗಾಲಿ ಬಿಚ್ಚಿಟ್ಟು, ಸೈಕಲ್ಲಿನ ಚೈನನ್ನು ಟ್ರೈನರಿನ ಮೇಲಿನ ಕ್ಯಾಸೆಟ್ಟಿಗೇ (ಗೇರಿನ ಹಲ್ಲುಚಕ್ರಗಳ ಗುಂಪು) ಹಾಕುವುದು. ಟೈರಿಲ್ಲದ್ದರಿಂದ ಜಾರುವುದಿಲ್ಲ, ಸವೆಯುವುದಿಲ್ಲ. ಚೈನಿನ ಸದ್ದು, ಫ್ಯಾನಿನ ಸದ್ದು ಬಿಟ್ಟರೆ ಹೆಚ್ಚು ಗಲಾಟೆಯಿಲ್ಲ. ವಾರಕ್ಕೆ ಮೂರು ದಿನ ಖಂಡಿತ ತುಳಿಯುವವರು ಇದನ್ನೇ ಕೊಳ್ಳಿ.

ಆರಂಭದ ಮಾದರಿಗಳು 400–600 ಡಾಲರಿಗೆ ಸಿಗುತ್ತವೆ. ವಾಹೂ ಕಿಕ್ಕರ್ ಕೋರ್ 2018ರಲ್ಲಿ ಬಂದದ್ದು: ತೂಕ 18 ಕಿಲೋ, ಫ್ಲೈವೀಲ್ 5.4 ಕಿಲೋ, ಗರಿಷ್ಠ 1800 ವ್ಯಾಟ್, ಶೇ. 16ರವರೆಗಿನ ಏರು, ವ್ಯಾಟ್ ಲೆಕ್ಕದಲ್ಲಿ ಶೇ. 2ರ ಹೆಚ್ಚುಕಡಿಮೆ. ದೊಡ್ಡ ಕಿಕ್ಕರಿನಲ್ಲಿ ಫ್ಲೈವೀಲ್ 7.3 ಕಿಲೋ, 2200 ವ್ಯಾಟ್, ಶೇ. 20ರ ಏರು, ಶೇ. 1ರ ಹೆಚ್ಚುಕಡಿಮೆ. ಬೆಲೆ ಮಾತ್ರ ಸಾವಿರ ದಾಟುತ್ತದೆ. 200 ವ್ಯಾಟಿನಲ್ಲಿ ಶೇ. 2 ಎಂದರೆ 4 ವ್ಯಾಟ್. ರಾತ್ರಿ ನಿದ್ದೆ ಕೆಟ್ಟರೆ ಅದಕ್ಕಿಂತ ಜಾಸ್ತಿ ಏರುಪೇರಾಗುತ್ತದೆ. ಆನ್‌ಲೈನ್ ರೇಸಿನ ಹುಚ್ಚಿಲ್ಲದವರು ಸಣ್ಣದಕ್ಕೇ ನಿಲ್ಲಿ. ಬೇರೆ ದಾರಿಯ ಯಂತ್ರವೆಂದರೆ ಟ್ಯಾಕ್ಸ್ ನಿಯೊ 2ಟಿ. ಅದರಲ್ಲಿ ಬೆಲ್ಟಿಲ್ಲ, ಕ್ಯಾಲಿಬ್ರೇಷನ್ (ವ್ಯಾಟ್ ಲೆಕ್ಕ ಸರಿಹೊಂದಿಸುವುದು) ಬೇಕಿಲ್ಲ, ಕರೆಂಟು ಹೋದರೂ ನಿಮ್ಮ ತುಳಿತದಿಂದಲೇ ನಡೆಯುತ್ತದೆ. ಕರೆಂಟಿದ್ದಾಗ, ಆ್ಯಪಿನ ಇಳಿಜಾರಿನಲ್ಲಿ ಒಳಗಿನ ಚಕ್ರವನ್ನು ತಾನೇ ತಿರುಗಿಸುತ್ತದೆ.

ಕೊಳ್ಳುವ ಮುನ್ನ ಸೈಕಲ್ಲನ್ನು ತಲೆಕೆಳಗು ಮಾಡಿ ಹಿಂದೆ ಸರಿಯಾಗಿ ನೋಡಿ. ಗಾಲಿ ನಟ್ಟುಗಳಿಂದ ಬಿಗಿದಿದ್ದರೆ ಡೈರೆಕ್ಟ್ ಡ್ರೈವ್ ಕೂರುವುದಿಲ್ಲ, ಮಾತು ಅಲ್ಲಿಗೆ ಮುಗಿಯಿತು. ಕ್ವಿಕ್ ರಿಲೀಸ್ ಆದರೆ ಅಗಲ 130 ಅಥವಾ 135 ಮಿ.ಮೀ., ಥ್ರೂ ಆಕ್ಸಲ್ ಆದರೆ ಸಾಮಾನ್ಯವಾಗಿ 142ಕ್ಕೆ 12. ಇವಕ್ಕೆ ಅಡಾಪ್ಟರ್ ಪೆಟ್ಟಿಗೆಯಲ್ಲೇ ಬರುತ್ತದೆ. 148ರ ಬೂಸ್ಟ್ ಎಂಟಿಬಿಗೆ ಅಡಾಪ್ಟರ್ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಕಾರ್ಬನ್ ಫ್ರೇಮ್ ಆದರೆ ತಯಾರಕರ ಕೈಪಿಡಿಯಲ್ಲಿ ಟ್ರೈನರಿಗೆ ಒಪ್ಪಿಗೆಯಿದೆಯೇ ನೋಡಿ. ಕೆಲವರು ವಾರಂಟಿ ಕೊಡುವುದಿಲ್ಲ.

ಆಮೇಲೆ ಕ್ಯಾಸೆಟ್. ಸೈಕಲ್ಲಿನಲ್ಲಿ ಹಿಂದೆ ಎಷ್ಟು ಗೇರೋ ಅಷ್ಟೇ ಗೇರಿನ ಕ್ಯಾಸೆಟ್ ಟ್ರೈನರಿಗೂ ಬೇಕು, ಏಕೆಂದರೆ ಚೈನಿನ ಅಗಲ ಅದಕ್ಕೆ ತಕ್ಕಂತಿರುತ್ತದೆ. 11 ಗೇರಿನ ಶಿಮಾನೊ ಮಾದರಿಯ ಫ್ರೀಹಬ್ಬಿಗೆ (ಕ್ಯಾಸೆಟ್ ಕೂರುವ ಕೊಳವೆ) 8, 9 ಅಥವಾ 10 ಗೇರಿನ ಕ್ಯಾಸೆಟ್ ಹಾಕುವಾಗ ಮೊದಲು 1.8 ಮಿ.ಮೀ. ದಪ್ಪದ ಬಳೆ ಹಾಕಬೇಕು. ಅದನ್ನು ಮರೆತರೆ ಲಾಕ್‌ರಿಂಗ್ ಪೂರ್ತಿ ಬಿಗಿದರೂ ಹಲ್ಲುಚಕ್ರಗಳು ಲೊಡಲೊಡ ಅಲ್ಲಾಡುತ್ತವೆ. ಗೇರು ಸರಿ ಬೀಳುತ್ತಿಲ್ಲವೆಂದು ಡಿರೇಲರನ್ನು ತಿರುವಿ ತಿರುವಿ ಕೆಡಿಸುವವರು ಮೊದಲು ಈ ಬಳೆ ನೋಡಬೇಕಿತ್ತು. ಫ್ರೀಹಬ್ಬಿನ ಮೇಲಿನ ಉದ್ದುದ್ದ ಕೊರಕಲುಗಳಲ್ಲಿ ಒಂದರ ಅಗಲ ಮಾತ್ರ ಬೇರೆ. ಆ ಒಂದಕ್ಕೆ ಸರಿಯಾಗಿ ಹೊಂದಿಸಿದರೆ ಕ್ಯಾಸೆಟ್ ತಾನಾಗಿ ಜಾರಿ ಕೂರುತ್ತದೆ, ಒತ್ತಿ ಬಡಿಯಬೇಡಿ. ಲಾಕ್‌ರಿಂಗ್ ಬಿಗಿ 40 ನ್ಯೂಟನ್ ಮೀಟರ್. ಕೊನೆಯಲ್ಲಿ ಟಕಟಕ ಎಂಬ ಸದ್ದು ಬರಬೇಕು, ಅದು ಸರಿಯಾದ ಸದ್ದು.

7 ಗೇರಿನ ಹೈಬ್ರಿಡ್ ಇರುವವರು 8 ಗೇರಿನ ಕ್ಯಾಸೆಟ್ ಹಾಕಬಹುದು, ಚೈನು ಅದರ ಮೇಲೆ ಓಡುತ್ತದೆ. ಗೇರು ಎಲ್ಲವೂ ಕರಾರುವಾಕ್ಕಾಗಿ ಬೀಳುವುದಿಲ್ಲ, ಆದರೆ ಮುಂದೆ ಹೇಳುವ ಎರ್ಗ್ ಮೋಡಿಗೆ ಒಂದೇ ಗೇರು ಸಾಕು. ಮನೆಯಲ್ಲಿ ಇಬ್ಬರದು ಬೇರೆ ಬೇರೆ ಸೈಕಲ್ಲಾದರೆ ಜ್ವಿಫ್ಟ್ ಎಂಬ ಆನ್‌ಲೈನ್ ಸೈಕ್ಲಿಂಗ್ ಆ್ಯಪಿನವರ ‘ಜ್ವಿಫ್ಟ್ ಕಾಗ್’ ಇರುವ ಟ್ರೈನರ್ ಒಳ್ಳೆಯದು. 14 ಹಲ್ಲಿನ ಒಂದೇ ಚಕ್ರ, 8ರಿಂದ 12 ಗೇರಿನ ಚೈನು ಯಾವುದೂ ನಡೆಯುತ್ತದೆ, ಗೇರು ಬದಲಾಗುವುದು ಬಟನ್ನು ಒತ್ತಿದಾಗ ಟ್ರೈನರಿನೊಳಗೆ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಗಾಲಿ ತೆಗೆದ ಕೂಡಲೇ ಬ್ರೇಕ್ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ತುರುಕಿ. ಅಭ್ಯಾಸಬಲದಿಂದ ಲಿವರ್ ಒತ್ತಿದರೆ ಪಿಸ್ಟನ್ನು ಹೊರಬಂದು ಪ್ಯಾಡುಗಳು ಅಂಟಿಕೊಳ್ಳುತ್ತವೆ, ಆಮೇಲೆ ಗಾಲಿ ಒಳಗೆ ಹೋಗುವುದಿಲ್ಲ.

ಎರ್ಗ್ ಮೋಡ್ ಎಂದರೆ ನೀವು 180 ವ್ಯಾಟ್ ಎಂದು ಹೇಳಿಬಿಟ್ಟರೆ ತುಳಿತ ನಿಧಾನವಾಗಲಿ ಜೋರಾಗಲಿ, ಟ್ರೈನರ್ ಭಾರವನ್ನು ಹೊಂದಿಸಿ 180ರಲ್ಲೇ ಹಿಡಿದಿಡುವುದು. ಇದರಲ್ಲೊಂದು ಅಪಾಯವೂ ಇದೆ. ಸುಸ್ತಾಗಿ ನಿಮಿಷಕ್ಕೆ 90 ಸುತ್ತಿನಿಂದ 60ಕ್ಕೆ ಇಳಿದರೆ ಅದೇ ವ್ಯಾಟಿಗಾಗಿ ಟ್ರೈನರ್ ಭಾರ ಏರಿಸುತ್ತದೆ, ಅದರಿಂದ ತುಳಿತ ಇನ್ನೂ ನಿಧಾನವಾಗುತ್ತದೆ, ಭಾರ ಇನ್ನೂ ಏರುತ್ತದೆ. ಕೊನೆಗೆ ಪೆಡಲು ಕೆಸರಿನಲ್ಲಿ ಹೂತ ಗಾಡಿಯಂತೆ ನಿಂತುಬಿಡುತ್ತದೆ. ಆಗ ಹಲ್ಲು ಕಚ್ಚಿ ತುಳಿಯಬೇಡಿ. ನಾಲ್ಕೈದು ಸೆಕೆಂಡು ಪೂರ್ತಿ ನಿಲ್ಲಿಸಿ, ಭಾರ ಇಳಿದ ಮೇಲೆ ಬೇಗಬೇಗ ಸುತ್ತು ಹಿಡಿಯಿರಿ. ಎರ್ಗ್ ಮೋಡಿನಲ್ಲಿ ಮುಂದೆ ಸಣ್ಣ ಚಕ್ರ, ಹಿಂದೆ ನಡುವಿನ ಚಕ್ರ ಇಟ್ಟುಕೊಳ್ಳಿ. ಚೈನು ನೇರ, ಫ್ಲೈವೀಲ್ ನಿಧಾನ, ಸದ್ದೂ ಕಡಿಮೆ.

ಬೆಲ್ಟಿರುವ ಬಹಳ ಮಾದರಿಗಳಿಗೆ ಆಗಾಗ ಸ್ಪಿನ್‌ಡೌನ್ ಕ್ಯಾಲಿಬ್ರೇಷನ್ (ವೇಗ ಹಿಡಿದು ತುಳಿತ ನಿಲ್ಲಿಸಿ, ಚಕ್ರ ನಿಧಾನವಾಗುವುದನ್ನು ಆ್ಯಪ್ ಅಳೆಯುವುದು) ಬೇಕು, ಅದೂ 10–15 ನಿಮಿಷ ತುಳಿದು ಬಿಸಿಯಾದ ಮೇಲೆ. ತಣ್ಣಗಿನ ಗ್ಯಾರೇಜಿನಲ್ಲಿ ಹತ್ತಿದ ಕೂಡಲೇ ಮಾಡಿದರೆ ಅರ್ಧ ಗಂಟೆಯ ಮೇಲೆ ಅಂಕಿ ಬೇರೆಯೇ ಆಗಿರುತ್ತದೆ. ಆ್ಯಪಿಗೆ ಟ್ರೈನರ್ ಕಾಣದಿದ್ದರೆ ಟ್ರೈನರ್ ಕೆಟ್ಟಿತೆಂದು ಕೂಗಾಡುವ ಮೊದಲು ಫೋನಿನಲ್ಲಿ ತಯಾರಕರ ಆ್ಯಪ್ ತೆರೆದಿದೆಯೇ ನೋಡಿ. ಬಹಳ ಟ್ರೈನರುಗಳು ಬ್ಲೂಟೂತಿನಲ್ಲಿ ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡುತ್ತವೆ. ಲ್ಯಾಪ್‌ಟಾಪಿಗೆ ಆಂಟ್ ಪ್ಲಸ್ (ಬ್ಲೂಟೂತಿನಂಥದೇ ಇನ್ನೊಂದು ನಿಸ್ತಂತು ಸಂಪರ್ಕ) ಡಾಂಗಲ್ ಚುಚ್ಚಿ ಸಂಪರ್ಕ ಕಡಿಯುತ್ತಿದ್ದರೆ, ಎರಡು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಡಾಂಗಲನ್ನು ಟ್ರೈನರಿನ ಪಕ್ಕಕ್ಕೇ ತನ್ನಿ.

ಆ್ಯಪಿನ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ಜ್ವಿಫ್ಟ್ ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್, ಐದು ತಿಂಗಳಿಗೆ ನೂರು. ಅದೇ ಬಗೆಯ ಮೈವೂಶ್ ಆ್ಯಪ್ ಪುಕ್ಕಟೆ.

ಗಾಲಿಯೇ ಇಲ್ಲದ, ಟ್ರೈನರಿಗೇ ಹುಟ್ಟಿದ ಸ್ಮಾರ್ಟ್ ಬೈಕುಗಳೂ ಇವೆ. 2500 ಡಾಲರಿನಿಂದ ಮೇಲಕ್ಕೆ. ಎತ್ತರ ಬೇರೆ ಬೇರೆ ಇರುವ ಗಂಡ ಹೆಂಡತಿ ಇಬ್ಬರೂ ದಿನಾ ತುಳಿಯುವ ಮನೆಗೆ ಮಾತ್ರ ಸರಿ. ಅದಕ್ಕಿಂತ ಕಡಿಮೆಗೆ ಬೇಕಾದರೆ 2024ರಲ್ಲಿ ಬಂದ ಜ್ವಿಫ್ಟ್ ರೈಡ್ ನೋಡಬಹುದು. ಕಿಕ್ಕರ್ ಕೋರ್ ಸಹಿತ 1300 ಡಾಲರಿನ ಆಸುಪಾಸಿಗೆ ಬಂದದ್ದು.

ಟ್ರೈನರಿಗಿಂತ ಮೊದಲು ಫ್ಯಾನು, ಚಾಪೆ

ಬಜೆಟ್ಟಿನಿಂದ 150 ಡಾಲರ್ ಬದಿಗಿಟ್ಟು ಉಳಿದದ್ದರಲ್ಲಿ ಟ್ರೈನರ್ ಕೊಳ್ಳಿ. ನಾವು ತಿಂದ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ನಾಲ್ಕನೆಯ ಒಂದೋ ಐದನೆಯ ಒಂದೋ ಪಾಲು, ಉಳಿದದ್ದೆಲ್ಲ ಬಿಸಿ. 200 ವ್ಯಾಟ್ ತುಳಿಯುವ ಮೈ 600ರಿಂದ 800 ವ್ಯಾಟಿನ ರೂಮ್ ಹೀಟರಿನಷ್ಟು ಶಾಖ ಬಿಡುತ್ತದೆ. ರಸ್ತೆಯಲ್ಲಿ ಎದುರುಗಾಳಿ ಅದನ್ನು ಹೊತ್ತೊಯ್ಯುತ್ತದೆ, ಮನೆಯೊಳಗೆ ಆ ಗಾಳಿಯಿಲ್ಲ. ಹೊರಗೆ ಸಲೀಸಾಗಿ ತುಳಿದಷ್ಟು ವ್ಯಾಟ್ ಒಳಗೆ ಬರುವುದಿಲ್ಲವೆಂದು ಕೊರಗುವವರಲ್ಲಿ ಬಹಳಷ್ಟು ಮಂದಿಗೆ ಬೇಕಾದ್ದು ದೊಡ್ಡ ಫ್ಯಾನು. 18–20 ಇಂಚಿನದ್ದನ್ನು ಒಂದೂವರೆ ಮೀಟರ್ ದೂರದಲ್ಲಿ ಎದೆಗೆ ಗುರಿಯಿಟ್ಟು ನಿಲ್ಲಿಸಿ. ಹೊರಗೆ ಮೈನಸ್ ಹತ್ತಿದ್ದರೂ ಕಿಟಕಿ ನಾಲ್ಕು ಬೆರಳು ತೆರೆದಿರಲಿ, ಇಲ್ಲದಿದ್ದರೆ ಗಾಜಿನ ಮೇಲೆ ನೀರಿಳಿಯುತ್ತದೆ. ನೀರಿನ ಬಾಟಲಿ ಕೈಗೆ ಸಿಗುವಂತಿರಲಿ. ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ಮಾಮೂಲು.

ಆ ಬೆವರಿನ ಉಪ್ಪು ರಸ್ತೆಯ ಉಪ್ಪಿಗೆ ಏನೂ ಕಡಿಮೆಯಿಲ್ಲ. ಹ್ಯಾಂಡಲ್ ಟೇಪಿನ ಕೆಳಗೆ ಇಳಿದು ಅಲ್ಯೂಮಿನಿಯಮ್ಮನ್ನು ಬಿಳಿ ಪುಡಿಯಾಗಿಸುತ್ತದೆ, ಹೆಡ್‌ಸೆಟ್ಟಿನ ಬೇರಿಂಗಿಗೆ ಹೋಗಿ ತುಕ್ಕು ಹಿಡಿಸುತ್ತದೆ. ಹ್ಯಾಂಡಲ್ಲಿನಿಂದ ಸೀಟಿನವರೆಗೆ ಟವೆಲ್ ಹಾಸಿ, ಇಳಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ತಿಂಗಳಿಗೊಮ್ಮೆ ಸ್ಟೆಮ್ಮಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಗ್ರೀಸು ಹಚ್ಚಿ ಬಿಗಿಯಿರಿ.

ಅಮೆರಿಕ, ಕೆನಡಾದ ಮರದ ನೆಲದ ಮನೆಗಳಲ್ಲಿ ಕೆಳಗಿನವರಿಗೆ ತೊಂದರೆ ಕೊಡುವುದು ನಿಮ್ಮ ಕಿವಿಗೆ ಬೀಳುವ ಸದ್ದಲ್ಲ, ನೆಲದ ಮೂಲಕ ಇಳಿಯುವ ಗುಂಯ್ ಎನ್ನುವ ಕಂಪನ. ಟ್ರೈನರನ್ನು ಕೋಣೆಯ ನಡುವೆ ಇಡದೆ ಗಟ್ಟಿ ಗೋಡೆಯ ಬದಿಗಿಡಿ, ಅಲ್ಲಿ ನೆಲ ಕಡಿಮೆ ಕುಣಿಯುತ್ತದೆ. ಟ್ರೈನರ್ ಚಾಪೆ ಎಂದು ಮಾರುವ ತೆಳು ಹಾಳೆ ಬೆವರು ಹಿಡಿಯುತ್ತದೆಯೇ ಹೊರತು ಕಂಪನ ಹಿಡಿಯುವುದಿಲ್ಲ. ರೈತರ ಸಾಮಾನು ಮಾರುವ ಅಂಗಡಿಗಳಲ್ಲಿ ಕುದುರೆ ಲಾಯಕ್ಕೆ ಹಾಸುವ ಮುಕ್ಕಾಲು ಇಂಚು ದಪ್ಪದ ರಬ್ಬರ್ ಹಾಳೆ ಸಿಗುತ್ತದೆ. ನಾಲ್ಕಡಿಗೆ ಆರಡಿ, ಹೊರಲು ಇಬ್ಬರು ಬೇಕು. ರಬ್ಬರ್ ನಾತ ಹೋಗುವವರೆಗೆ ಬಾಲ್ಕನಿಯಲ್ಲಿ ಕೆಲವು ದಿನ ಬಿಡಿ. ಬೇಸ್‌ಮೆಂಟಿನ ಕಾಂಕ್ರೀಟ್ ನೆಲದವರಿಗೆ ಈ ತಾಪತ್ರಯವಿಲ್ಲ, ವೀಲ್-ಆನ್ ಕೂಡ ನಡೆಯುತ್ತದೆ.

ಊರಿನ ಮಳೆಗಾಲಕ್ಕೆ ಬೇಕಾದರೆ

ಉಡುಪಿ, ಮಂಗಳೂರು, ಮಡಿಕೇರಿಯಲ್ಲಿ ಜೂನಿನಿಂದ ಸೆಪ್ಟೆಂಬರಿನ ಮಳೆ ಹಿಮದ ಹಾಗೆಯೇ ಸವಾರರನ್ನು ಮನೆಯೊಳಗೆ ಕೂರಿಸುತ್ತದೆ, ಆದರೆ ಆಯ್ಕೆ ಅಲ್ಲಿ ತಲೆಕೆಳಗು. ಕರೆಂಟು ಹೋದಾಗ ಹೆಚ್ಚಿನ ಡೈರೆಕ್ಟ್ ಡ್ರೈವ್‌ಗಳ ಭಾರ ಒಮ್ಮೆಲೇ ಮಾಯವಾಗುತ್ತದೆ. ಎದ್ದು ನಿಂತು ತುಳಿಯುತ್ತಿದ್ದರೆ ಕಾಲು ಗಾಳಿಯಲ್ಲಿ ಸುತ್ತಿ ಮುಗ್ಗರಿಸುತ್ತೀರಿ. ಇನ್ವರ್ಟರ್ ಇಲ್ಲದ ಮನೆಗೆ ಫ್ಲೂಯಿಡ್ ಟ್ರೈನರೇ ಲೇಸು. ಸೈಕಲ್ಲು 7 ಗೇರಿನದಾದರೂ ಸರಿ, ನಟ್ಟಿನ ಆಕ್ಸಲ್ ಆದರೂ ಬಹಳ ಸ್ಟ್ಯಾಂಡುಗಳು ಹೊಂದುತ್ತವೆ, ನೆಲ ಹೇಗೂ ಗಟ್ಟಿ. ಗಾಳಿಯಲ್ಲೇ ನೀರಿರುವಾಗ ಬೆವರು ಆರುವುದಿಲ್ಲ, ಒಂದು ಫ್ಯಾನು ಸಾಲದು.

ಅಮೆರಿಕ, ಕೆನಡಾದಿಂದ ಊರಿಗೆ ಟ್ರೈನರ್ ತರುವವರಿಗೆ: 18 ಕಿಲೋದ ಯಂತ್ರ 23 ಕಿಲೋದ ಚೆಕ್-ಇನ್ ಮಿತಿಯೊಳಗೆ ಬರುತ್ತದೆ, ಪೆಟ್ಟಿಗೆಯ ತೂಕ ಸೇರಿಸಿ ತೂಗಿ ನೋಡಿ. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಪಿನ್ನು ಬದಲಿಸಿದರೆ ಸಾಕು.

ಸೆಕೆಂಡ್ ಹ್ಯಾಂಡ್

ಹಿಮ ಕರಗಿ ಏಪ್ರಿಲ್ ಬಂತೆಂದರೆ ಒಂದು ಚಳಿಗಾಲಕ್ಕೆ ಕೊಂಡು ನಾಲ್ಕು ಸಲ ತುಳಿದವರು ಮಾರಲು ಹೊರಡುತ್ತಾರೆ. ನವೆಂಬರಿನಲ್ಲಿ ಹೊಸದು ಕೊಳ್ಳುವುದಕ್ಕಿಂತ ಆಗ ಕೊಳ್ಳುವುದು ಲಾಭ. ಸೈಕಲ್ಲನ್ನೂ ಫೋನನ್ನೂ ಜೊತೆಗೆ ಒಯ್ಯಿರಿ. ಕ್ಯಾಸೆಟ್ಟನ್ನು ಕೈಯಲ್ಲಿ ಹಿಂದಕ್ಕೆ ತಿರುವಿದಾಗ ಟಿಕ್‌ಟಿಕ್ ಸದ್ದು ಒಂದೇ ಸಮ ಬರಬೇಕು, ಮುಂದಕ್ಕೆ ತಿರುವಿದಾಗ ಜಾರದೆ ಹಿಡಿಯಬೇಕು. ಫ್ಲೈವೀಲ್ ಜೋರಾಗಿ ತಿರುಗಿಸಿ ಕಿವಿಗೊಡಿ. ಗರಗರ ಬಂದರೆ ಬೇರಿಂಗು ಹೋಗಿದೆ, ಲಯಬದ್ಧವಾಗಿ ಚಟ್ ಚಟ್ ಬಂದರೆ ಬೆಲ್ಟು ನೋಡಬೇಕು. ಹತ್ತು ನಿಮಿಷ ತುಳಿದು, ಆ್ಯಪಿನಿಂದ 100 ವ್ಯಾಟಿನಿಂದ 200ಕ್ಕೆ ಏರಿಸಿ ನೋಡಿ. ಐದಾರು ಸೆಕೆಂಡಿನಲ್ಲಿ ಕಾಲಿಗೆ ಭಾರ ತಿಳಿಯಬೇಕು. ಸ್ಪಿನ್‌ಡೌನ್ ಪಾಸಾಗದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬನ್ನಿ. ಕಾಲುಗಳ ಸುತ್ತ, ಬೋಲ್ಟಿನ ತಲೆಗಳಲ್ಲಿ ತುಕ್ಕಿದ್ದರೆ ಮಾರುವವರು ಟವೆಲ್ ಹಾಸಿದವರಲ್ಲ. ಪವರ್ ಅಡಾಪ್ಟರ್, ಆಕ್ಸಲ್ ಅಡಾಪ್ಟರುಗಳ ಚಿಕ್ಕ ಚೀಲ, 1.8 ಮಿ.ಮೀ. ಬಳೆ, ಮೂರನ್ನೂ ಕೇಳಿ ಪಡೆದೇ ದುಡ್ಡು ಕೊಡಿ.